ವಿದೇಶಿ ರಾಜತಾಂತ್ರಿಕರು ಏನು ಮಾಡಿದರೂ ಕೇಸಿಲ್ಲವೇ? ನೀಲಿ ನಂಬರ್ ಪ್ಲೇಟಿನ ಹಿಂದಿರುವ ಕಾನೂನು

"ನೀಲಿ ನಂಬರ್ ಪ್ಲೇಟ್ ಇರುವ ಕಾರನ್ನು ಪೊಲೀಸರು ಮುಟ್ಟುವಂತಿಲ್ಲ." "ರಾಯಭಾರ ಕಚೇರಿಯ ಗೇಟು ದಾಟಿದರೆ ಅದು ಭಾರತವೇ ಅಲ್ಲ." "ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದರೆ ಕೊಲೆ ಮಾಡಿದರೂ ಬಂಧಿಸಲಾಗದು." ವಿದೇಶಿ ಅಧಿಕಾರಿಯೊಬ್ಬರ ಹೆಸರು ಯಾವುದಾದರೂ ಸುದ್ದಿಯಲ್ಲಿ ಬಂದ ಕೂಡಲೇ ಇಂಥ ಮಾತುಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡತೊಡಗುತ್ತವೆ. ಇವುಗಳಲ್ಲಿ ಒಂದಿಷ್ಟು ನಿಜವಿದೆ, ಜೊತೆಗೆ ಸಾಕಷ್ಟು ಸುಳ್ಳೂ ಸೇರಿಕೊಂಡಿದೆ. ಆ ಸುಳ್ಳಿನಿಂದ ನಷ್ಟವೂ ಇದೆ. "ದೂರು ಕೊಟ್ಟರೂ ಪ್ರಯೋಜನವಿಲ್ಲ" ಎಂದು ನಂಬಿದ ಮನೆಗೆಲಸದ ಹೆಣ್ಣುಮಗಳು ಅಥವಾ ಅಪಘಾತದಲ್ಲಿ ಗಾಯಗೊಂಡವರು ಸುಮ್ಮನಾಗಿಬಿಡುತ್ತಾರೆ.

ಹಾಗಾದರೆ ಈ ವಿನಾಯಿತಿ ಯಾರಿಗಿದೆ, ಎಷ್ಟಿದೆ, ಅದು ಎಲ್ಲಿಗೆ ಮುಗಿಯುತ್ತದೆ? ಒಂದೊಂದಾಗಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ರಾಜತಾಂತ್ರಿಕ ವಿನಾಯಿತಿ ಎನ್ನುವುದು ನಿಜ. ರಾಯಭಾರ ಕಚೇರಿಯ ರಾಜತಾಂತ್ರಿಕ ಅಧಿಕಾರಿಯನ್ನು ಅವರು ಕೆಲಸ ಮಾಡುತ್ತಿರುವ ದೇಶದಲ್ಲಿ ಬಂಧಿಸುವಂತಿಲ್ಲ, ಕ್ರಿಮಿನಲ್ ವಿಚಾರಣೆಗೆ ಒಳಪಡಿಸುವಂತಿಲ್ಲ. ಆದರೆ ಈ ವಿಷಯದಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು.

ಒಂದು, ಈ ವಿನಾಯಿತಿ ವ್ಯಕ್ತಿಯ ಸ್ವತ್ತಲ್ಲ. ಅದು ಅವರನ್ನು ಕಳುಹಿಸಿದ ದೇಶದ್ದು. ಆ ದೇಶ ಬಯಸಿದರೆ ಅದನ್ನು ಬಿಟ್ಟುಕೊಡಬಹುದು.

ಎರಡು, ಇದು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ರಾಯಭಾರಿಗೆ ಇರುವುದು ಅಡುಗೆಯವರಿಗೆ ಇಲ್ಲ, ದೆಹಲಿಯ ರಾಯಭಾರ ಕಚೇರಿಗೆ ಇರುವುದು ಬೆಂಗಳೂರಿನ ಕಾನ್ಸುಲೇಟಿಗೆ ಇಲ್ಲ.

ಮೂರು, ವಿನಾಯಿತಿ ಇದ್ದರೂ ಮಾಡಿದ ತಪ್ಪು ತಪ್ಪೇ. ಆ ದೇಶದ ಕಾನೂನನ್ನು ಗೌರವಿಸುವುದು ರಾಜತಾಂತ್ರಿಕರ ಕರ್ತವ್ಯ ಎಂದು ಒಪ್ಪಂದದಲ್ಲೇ ಬರೆದಿದೆ.

ದೂತನನ್ನು ಯಾಕೆ ಮುಟ್ಟಬಾರದು?

ಈ ನಿಯಮ ನಮಗೆ ಹೊಸದಲ್ಲ. ಲಂಕೆಯಲ್ಲಿ ಸೆರೆಸಿಕ್ಕ ಹನುಮಂತನನ್ನು ಕೊಲ್ಲಿಸಲು ರಾವಣ ಹೊರಟಾಗ ವಿಭೀಷಣ ತಡೆದದ್ದು "ದೂತನನ್ನು ಕೊಲ್ಲುವುದು ಅಧರ್ಮ" ಎಂಬ ವಾದದಿಂದಲೇ. ಕೌಟಿಲ್ಯನ ಅರ್ಥಶಾಸ್ತ್ರವೂ ದೂತ ತನ್ನ ಒಡೆಯನ ಮಾತನ್ನು ತಲುಪಿಸುವವನು, ಅವನನ್ನು ಕೊಲ್ಲಬಾರದು ಎನ್ನುತ್ತದೆ. ಕಾರಣ ಸರಳ. ಇವತ್ತು ನೀವು ಅವರ ದೂತನನ್ನು ಹಿಡಿದರೆ ನಾಳೆ ಅವರು ನಿಮ್ಮವನನ್ನು ಹಿಡಿಯುತ್ತಾರೆ. ಆಮೇಲೆ ಇಬ್ಬರ ನಡುವೆ ಮಾತುಕತೆಯೇ ನಿಂತುಹೋಗುತ್ತದೆ.

ಯುರೋಪಿನಲ್ಲಿ ಇದು ಲಿಖಿತ ಕಾನೂನಾಗಲು ಒಂದು ಸಾಲದ ಜಗಳವೂ ಕಾರಣವಾಯಿತು. 1708ರಲ್ಲಿ ಲಂಡನ್‌ನಲ್ಲಿದ್ದ ರಷ್ಯಾದ ರಾಯಭಾರಿ ಆಂದ್ರೇ ಮತ್ವೇಯೆವ್ ಅವರನ್ನು ಸಾಲ ಬಾಕಿಯ ಹೆಸರಿನಲ್ಲಿ ಗಾಡಿಯಿಂದ ಎಳೆದು ಕೂಡಿಹಾಕಲಾಯಿತು. ರಷ್ಯಾದ ದೊರೆ ಪೀಟರ್ ಸಿಟ್ಟಾದ. ಅದರ ಬೆನ್ನಲ್ಲೇ ಬ್ರಿಟಿಷ್ ಸಂಸತ್ತು ರಾಯಭಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ ತಂದಿತು.

ಈಗ ಜಗತ್ತಿನಾದ್ಯಂತ ನಡೆಯುತ್ತಿರುವುದು 1961ರ ವಿಯೆನ್ನಾ ಒಪ್ಪಂದದ ಪ್ರಕಾರ. 190ಕ್ಕೂ ಹೆಚ್ಚು ದೇಶಗಳು ಇದಕ್ಕೆ ಸೇರಿವೆ. ಭಾರತ 1965ರಲ್ಲಿ ಸೇರಿತು, 1972ರಲ್ಲಿ ಸಂಸತ್ತು ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಒಪ್ಪಂದದ ಪೀಠಿಕೆಯಲ್ಲೇ ಒಂದು ಮಾತು ಸ್ಪಷ್ಟವಾಗಿದೆ: ಈ ಸವಲತ್ತುಗಳ ಉದ್ದೇಶ ವ್ಯಕ್ತಿಗಳಿಗೆ ಲಾಭ ಮಾಡಿಕೊಡುವುದಲ್ಲ, ರಾಯಭಾರ ಕಚೇರಿಯ ಕೆಲಸ ಸುಗಮವಾಗಿ ಸಾಗುವಂತೆ ನೋಡಿಕೊಳ್ಳುವುದು.

ಯಾರಿಗೆ ಎಷ್ಟು ರಕ್ಷಣೆ?

ಒಂದು ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುವವರನ್ನು ಮೆಟ್ಟಿಲುಗಳಂತೆ ಜೋಡಿಸಿ ನೋಡಿದರೆ ಅರ್ಥವಾಗುವುದು ಸುಲಭ.

ರಾಯಭಾರಿ ಮತ್ತು ರಾಜತಾಂತ್ರಿಕ ಅಧಿಕಾರಿಗಳು: ಕ್ರಿಮಿನಲ್ ಪ್ರಕರಣಗಳಿಂದ ಪೂರ್ತಿ ವಿನಾಯಿತಿ. ಸಾಕ್ಷಿ ಹೇಳಲೂ ಅವರನ್ನು ಒತ್ತಾಯಿಸುವಂತಿಲ್ಲ. ಸಿವಿಲ್ ಪ್ರಕರಣಗಳಿಂದಲೂ ವಿನಾಯಿತಿ ಇದೆ, ಆದರೆ ಅಲ್ಲಿ ಮೂರು ಅಪವಾದಗಳಿವೆ. ಸ್ವಂತ ಜಮೀನು ಅಥವಾ ಮನೆಯ ವ್ಯಾಜ್ಯ, ವೈಯಕ್ತಿಕ ಉತ್ತರಾಧಿಕಾರದ ವ್ಯಾಜ್ಯ, ಕಚೇರಿ ಕೆಲಸದ ಹೊರಗೆ ನಡೆಸಿದ ವ್ಯಾಪಾರ ಅಥವಾ ವೃತ್ತಿಗೆ ಸಂಬಂಧಿಸಿದ ವ್ಯಾಜ್ಯ.

ಅವರ ಕುಟುಂಬ: ಜೊತೆಯಲ್ಲಿ ಒಂದೇ ಮನೆಯಲ್ಲಿರುವ ಗಂಡ, ಹೆಂಡತಿ, ಮಕ್ಕಳಿಗೂ ಅಷ್ಟೇ ರಕ್ಷಣೆ. ಆದರೆ ಅವರು ಆತಿಥೇಯ ದೇಶದ ಪ್ರಜೆಗಳಾಗಿರಬಾರದು. ಅಂದರೆ ವಿದೇಶಿ ರಾಜತಾಂತ್ರಿಕರ ಸಂಗಾತಿ ಭಾರತೀಯ ಪ್ರಜೆಯಾಗಿದ್ದರೆ ಭಾರತದಲ್ಲಿ ಅವರಿಗೆ ಈ ರಕ್ಷಣೆ ಇಲ್ಲ.

ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿ: ಕ್ರಿಮಿನಲ್ ಪ್ರಕರಣಗಳಿಂದ ಇವರಿಗೂ, ಇವರ ಕುಟುಂಬಕ್ಕೂ ವಿನಾಯಿತಿ ಇದೆ. ಸಿವಿಲ್ ಪ್ರಕರಣಗಳಲ್ಲಿ ಮಾತ್ರ ಕಚೇರಿ ಕೆಲಸದ ವೇಳೆ ಮಾಡಿದ್ದಕ್ಕಷ್ಟೇ ರಕ್ಷಣೆ.

ಸೇವಾ ಸಿಬ್ಬಂದಿ: ಕಚೇರಿಯ ಚಾಲಕರು, ಕಾವಲುಗಾರರಂಥವರು. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಮಾತ್ರ ರಕ್ಷಣೆ.

ಖಾಸಗಿ ಮನೆಗೆಲಸದವರು: ಸಂಬಳದ ಮೇಲಿನ ತೆರಿಗೆ ವಿನಾಯಿತಿ ಬಿಟ್ಟರೆ ಒಪ್ಪಂದದ ಪ್ರಕಾರ ಇವರಿಗೆ ಹಕ್ಕಾಗಿ ಬೇರೇನೂ ಇಲ್ಲ.

ಈ ಕಚೇರಿಗಳಲ್ಲಿ ಸ್ಥಳೀಯವಾಗಿ ನೇಮಕವಾದ ಭಾರತೀಯರು ಬಹಳ ಮಂದಿ ಇರುತ್ತಾರೆ. ನೀಲಿ ಪ್ಲೇಟಿನ ಕಾರು ಓಡಿಸುತ್ತಾರೆ ಎಂದ ಮಾತ್ರಕ್ಕೆ ಅವರಿಗೆ ವಿದೇಶಿ ರಾಜತಾಂತ್ರಿಕರ ರಕ್ಷಣೆ ಬಂದುಬಿಡುವುದಿಲ್ಲ.

ಬೆಂಗಳೂರಿನಲ್ಲಿರುವುದು ರಾಯಭಾರ ಕಚೇರಿ ಅಲ್ಲ

ರಾಯಭಾರ ಕಚೇರಿಗಳು ಮತ್ತು ಹೈಕಮಿಷನ್‌ಗಳು ಇರುವುದು ರಾಜಧಾನಿ ದೆಹಲಿಯಲ್ಲಿ. ಬೆಂಗಳೂರಿನಲ್ಲಿರುವ ಜರ್ಮನಿ, ಜಪಾನ್, ಇಸ್ರೇಲ್ ಮುಂತಾದ ದೇಶಗಳ ಕಚೇರಿಗಳು ಕಾನ್ಸುಲೇಟ್‌ಗಳು. ವೀಸಾ, ವ್ಯಾಪಾರ, ತಮ್ಮ ಪ್ರಜೆಗಳ ನೆರವು ಇವುಗಳ ಮುಖ್ಯ ಕೆಲಸ. ಇವಕ್ಕೆ ಅನ್ವಯಿಸುವುದು 1963ರ ಬೇರೊಂದು ವಿಯೆನ್ನಾ ಒಪ್ಪಂದ. ಅದರಲ್ಲಿ ಸಿಗುವ ರಕ್ಷಣೆ ಬಹಳ ಕಡಿಮೆ.

ಕಾನ್ಸುಲರ್ ಅಧಿಕಾರಿಗೆ ವಿನಾಯಿತಿ ಇರುವುದು ತನ್ನ ಅಧಿಕೃತ ಕೆಲಸಕ್ಕೆ ಮಾತ್ರ. ಗಂಭೀರ ಅಪರಾಧದ ಆರೋಪವಿದ್ದು, ನ್ಯಾಯಾಂಗದ ಆದೇಶವಿದ್ದರೆ ವಿಚಾರಣೆಗೆ ಮುನ್ನವೇ ಬಂಧಿಸಬಹುದು. ವಾಹನ ಅಪಘಾತದಲ್ಲಿ ಬೇರೆಯವರಿಗೆ ಆದ ಹಾನಿಗೆ ಪರಿಹಾರ ಕೇಳಿ ದಾವೆ ಹೂಡಿದರೆ "ಅದು ಕಚೇರಿ ಕೆಲಸವಾಗಿತ್ತು" ಎಂಬ ನೆಪವೂ ನಡೆಯುವುದಿಲ್ಲ. ಕುಟುಂಬದವರಿಗಂತೂ ಬಂಧನದಿಂದ ರಕ್ಷಣೆ ಇಲ್ಲ. ಗೌರವ ಕಾನ್ಸುಲ್ ಎಂಬ ಹುದ್ದೆಯಲ್ಲಿರುವ ಸ್ಥಳೀಯ ಉದ್ಯಮಿಗಳಿಗೆ ಇದಕ್ಕಿಂತಲೂ ಕಡಿಮೆ.

ನಂಬರ್ ಪ್ಲೇಟ್ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ನೀಲಿ ಪ್ಲೇಟಿನಲ್ಲಿ ದೇಶದ ಸಂಖ್ಯೆಯ ನಂತರ 'ಸಿಡಿ' ಎಂದಿದ್ದರೆ ರಾಯಭಾರ ಕಚೇರಿಯದು, 'ಸಿಸಿ' ಎಂದಿದ್ದರೆ ಕಾನ್ಸುಲೇಟಿನದು, 'ಯುಎನ್' ಎಂದಿದ್ದರೆ ವಿಶ್ವಸಂಸ್ಥೆಯದು. ಪ್ಲೇಟ್ ಹೇಳುವುದು ವಾಹನ ಯಾವ ಕಚೇರಿಯದು ಎಂದು ಮಾತ್ರ. ಒಳಗೆ ಕುಳಿತವರಿಗೆ ಎಷ್ಟು ರಕ್ಷಣೆ ಇದೆ ಎಂದು ಅದು ಹೇಳುವುದಿಲ್ಲ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2012ರಲ್ಲಿ ಬೆಂಗಳೂರಿನ ಒಂದು ವಿದೇಶಿ ಕಾನ್ಸುಲೇಟಿನ ಉದ್ಯೋಗಿಯೊಬ್ಬರ ಮೇಲೆ ಗಂಭೀರ ಕ್ರಿಮಿನಲ್ ಆರೋಪ ಬಂದಾಗ "ಇವರಿಗೆ ವಿನಾಯಿತಿ ಇದೆಯೇ" ಎಂಬ ಪ್ರಶ್ನೆ ಎದ್ದಿತು. ಇಲ್ಲ ಎಂದು ಖಚಿತವಾದ ಮೇಲೆ ನಗರದ ಪೊಲೀಸರು ಬಂಧಿಸಿದರು. ಬೆಂಗಳೂರಿನ ನ್ಯಾಯಾಲಯದಲ್ಲೇ ವಿಚಾರಣೆ ನಡೆದು 2017ರಲ್ಲಿ ಅವರು ಖುಲಾಸೆಯಾದರು. ವಿಚಾರಣೆ ನಡೆಯುವುದರಿಂದ ದೂರು ಕೊಟ್ಟವರ ಮಾತಿಗೂ ಬೆಲೆ ಸಿಗುತ್ತದೆ, ಆರೋಪ ಸಾಬೀತಾಗದಿದ್ದರೆ ಆರೋಪಿಗೂ ಹೆಸರು ಮರಳಿ ಸಿಗುತ್ತದೆ. ವಿನಾಯಿತಿ ಅಡ್ಡ ಬಂದ ಕಡೆ ಇವೆರಡೂ ಆಗುವುದಿಲ್ಲ.

ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದರೆ ಸಾಕೇ?

ಸಾಲದು. ಕರ್ನಾಟಕದ ಜನ ಈ ಪದವನ್ನು ಹೆಚ್ಚು ಕೇಳಿದ್ದು 2024ರಲ್ಲಿ. ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಲೈಂಗಿಕ ದೌರ್ಜನ್ಯದ ಆರೋಪಗಳ ನಡುವೆ ಏಪ್ರಿಲ್ ಕೊನೆಯಲ್ಲಿ ಜರ್ಮನಿಗೆ ಹೋದದ್ದು ರಾಜತಾಂತ್ರಿಕ ಪಾಸ್‌ಪೋರ್ಟ್ ಬಳಸಿ. ಸಂಸದರಿಗೂ ಕಡುಗೆಂಪು ಬಣ್ಣದ ಈ ಪಾಸ್‌ಪೋರ್ಟ್ ಸಿಗುತ್ತದೆ. ಅದರಿಂದ ಅವರಿಗೆ ಆದ ಅನುಕೂಲ ಜರ್ಮನಿಗೆ ವೀಸಾ ಬೇಕಾಗದಿರುವುದು.

ವಿನಾಯಿತಿ ಬರುವುದು ಪಾಸ್‌ಪೋರ್ಟಿನ ಬಣ್ಣದಿಂದಲ್ಲ. ಒಂದು ದೇಶ ಒಬ್ಬರನ್ನು ತನ್ನ ರಾಜತಾಂತ್ರಿಕರೆಂದು ನೇಮಿಸಿ ತಿಳಿಸಬೇಕು, ಇನ್ನೊಂದು ದೇಶ ಅವರನ್ನು ಹಾಗೆ ಸ್ವೀಕರಿಸಬೇಕು. ಇನ್ನು ತಮ್ಮ ಸ್ವಂತ ದೇಶದ ಪೊಲೀಸರಿಂದ ಯಾವ ರಾಜತಾಂತ್ರಿಕ ಪಾಸ್‌ಪೋರ್ಟೂ ಕಾಪಾಡುವುದಿಲ್ಲ. ಪ್ರಜ್ವಲ್ 2024ರ ಮೇ 31ರಂದು ಬೆಂಗಳೂರಿನಲ್ಲಿ ಇಳಿದ ಕೂಡಲೇ ಬಂಧನಕ್ಕೊಳಗಾದರು. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ರಾಯಭಾರ ಕಚೇರಿಯ ನೆಲ ಯಾರದು?

"ರಾಯಭಾರ ಕಚೇರಿ ವಿದೇಶಿ ನೆಲ" ಎಂಬುದು ತಪ್ಪು ತಿಳಿವಳಿಕೆ. ದೆಹಲಿಯಲ್ಲಿರುವ ಯಾವುದೇ ರಾಯಭಾರ ಕಚೇರಿಯ ನೆಲ ಭಾರತದ್ದೇ, ಅಲ್ಲಿ ನಡೆದ ಅಪರಾಧ ಭಾರತದಲ್ಲಿ ನಡೆದ ಅಪರಾಧವೇ. ವ್ಯತ್ಯಾಸ ಇಷ್ಟೇ: ಆ ಕಚೇರಿಯ ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರು ಒಳಗೆ ಕಾಲಿಡುವಂತಿಲ್ಲ.

ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ ಇದಕ್ಕೆ ಒಳ್ಳೆಯ ಉದಾಹರಣೆ. 2012ರಿಂದ ಸುಮಾರು ಏಳು ವರ್ಷ ಅವರು ಲಂಡನ್‌ನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲೇ ಉಳಿದರು, ಪೊಲೀಸರು ಹೊರಗೆ ಕಾದರು. 2019ರ ಏಪ್ರಿಲ್‌ನಲ್ಲಿ ಈಕ್ವೆಡಾರ್ ಆಶ್ರಯ ಹಿಂತೆಗೆದುಕೊಂಡು ಒಪ್ಪಿಗೆ ಕೊಟ್ಟಿತು. ಅವತ್ತೇ ಪೊಲೀಸರು ಒಳಗೆ ಹೋಗಿ ಅವರನ್ನು ಹೊರಗೆ ತಂದರು.

ರಾಜತಾಂತ್ರಿಕ ಚೀಲದ ವಿಷಯವೂ ಹೀಗೆಯೇ. ಹೊರಗೆ ಸರಿಯಾದ ಗುರುತು ಹಾಕಿರುವ ಅಧಿಕೃತ ಚೀಲವನ್ನು ತೆರೆಯುವಂತಿಲ್ಲ. 1984ರಲ್ಲಿ ನೈಜೀರಿಯಾದ ಮಾಜಿ ಸಚಿವ ಉಮಾರು ಡಿಕ್ಕೊ ಅವರನ್ನು ಲಂಡನ್‌ನಲ್ಲಿ ಅಪಹರಿಸಿ, ಪ್ರಜ್ಞೆ ತಪ್ಪಿಸಿ, ಮರದ ಪೆಟ್ಟಿಗೆಯಲ್ಲಿ ತುಂಬಿ ವಿಮಾನ ನಿಲ್ದಾಣಕ್ಕೆ ತರಲಾಗಿತ್ತು. ಪೆಟ್ಟಿಗೆಗಳ ಮೇಲೆ ಬೇಕಾದ ಗುರುತು ಮತ್ತು ದಾಖಲೆ ಇರಲಿಲ್ಲ. ಅಧಿಕಾರಿಗಳು ಅವನ್ನು ತೆರೆದರು, ಡಿಕ್ಕೊ ಬದುಕಿದರು.

ತಪ್ಪು ಮಾಡಿದವರಿಗೆ ಏನಾಗುತ್ತದೆ?

ಇಲ್ಲಿ ಕಹಿ ಸತ್ಯವನ್ನು ಮುಚ್ಚಿಡಬೇಕಿಲ್ಲ. ಕೆಲವು ಪ್ರಕರಣಗಳಲ್ಲಿ ನ್ಯಾಯ ಸಿಕ್ಕಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಅಪಾರ್ಟ್‌ಮೆಂಟ್ ಒಂದರಿಂದ ನೇಪಾಳದ ಇಬ್ಬರು ಮನೆಗೆಲಸದ ಮಹಿಳೆಯರನ್ನು ಪೊಲೀಸರು ರಕ್ಷಿಸಿದರು. ತಮ್ಮನ್ನು ಕೂಡಿಹಾಕಿ ಅತ್ಯಾಚಾರ ಮಾಡಲಾಗಿದೆ ಎಂದು ಅವರು ದೂರಿದರು. ಮನೆ ಸೌದಿ ಅರೇಬಿಯಾದ ರಾಜತಾಂತ್ರಿಕರೊಬ್ಬರದು. ಆ ದೇಶದ ರಾಯಭಾರ ಕಚೇರಿ ಆರೋಪವನ್ನು ತಳ್ಳಿಹಾಕಿತು. ಪ್ರಕರಣ ದಾಖಲಾಯಿತು, ಆದರೆ ಅಧಿಕಾರಿ ಕೆಲವೇ ದಿನಗಳಲ್ಲಿ ಭಾರತ ಬಿಟ್ಟು ಹೋದರು. ಆ ಮಹಿಳೆಯರ ಮಾತನ್ನು ಇಲ್ಲಿನ ನ್ಯಾಯಾಲಯದಲ್ಲಿ ಅವರ ಎದುರು ಪರೀಕ್ಷಿಸುವ ಅವಕಾಶವೇ ಬರಲಿಲ್ಲ.

ಆದರೂ ಆತಿಥೇಯ ದೇಶದ ಕೈ ಪೂರ್ತಿ ಕಟ್ಟಿಲ್ಲ. ದಾರಿಗಳು ನಾಲ್ಕು.

ಮೊದಲನೆಯದು, ವಿನಾಯಿತಿ ಬಿಟ್ಟುಕೊಡುವಂತೆ ಕೇಳುವುದು. 1997ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಜಾರ್ಜಿಯಾ ದೇಶದ ಹಿರಿಯ ರಾಜತಾಂತ್ರಿಕ ಗುಯೊರ್ಗಿ ಮಖರಾಡ್ಜೆ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯ ಸಾವಿಗೆ ಕಾರಣರಾದರು. ಜಾರ್ಜಿಯಾ ವಿನಾಯಿತಿ ಬಿಟ್ಟುಕೊಟ್ಟಿತು. ಅವರು ತಪ್ಪೊಪ್ಪಿಕೊಂಡರು, 7ರಿಂದ 21 ವರ್ಷಗಳ ಜೈಲು ಶಿಕ್ಷೆಯಾಯಿತು. ಗಮನಿಸಿ, ಇದನ್ನು ಬಿಟ್ಟುಕೊಡುವುದು ದೇಶ. ಅಧಿಕಾರಿಗೆ ಇಷ್ಟವಿಲ್ಲದಿದ್ದರೂ ದೇಶ ಬಿಟ್ಟುಕೊಡಬಹುದು.

ಎರಡನೆಯದು, ಹೊರಹಾಕುವುದು. ಯಾವುದೇ ಕಾರಣ ಹೇಳದೆಯೂ ಒಬ್ಬ ರಾಜತಾಂತ್ರಿಕರನ್ನು 'ಪರ್ಸೋನಾ ನಾನ್ ಗ್ರಾಟಾ', ಅಂದರೆ 'ನಮಗೆ ಬೇಡವಾದ ವ್ಯಕ್ತಿ' ಎಂದು ಘೋಷಿಸಬಹುದು. 2020ರಲ್ಲಿ ದೆಹಲಿಯ ಪಾಕಿಸ್ತಾನ ಹೈಕಮಿಷನ್‌ನ ಇಬ್ಬರು ಸಿಬ್ಬಂದಿಯ ಮೇಲೆ ಬೇಹುಗಾರಿಕೆಯ ಆರೋಪ ಬಂದಾಗ ಭಾರತ 24 ಗಂಟೆಯ ಗಡುವು ಕೊಟ್ಟು ಅವರನ್ನು ಕಳುಹಿಸಿತು.

ಮೂರನೆಯದು, ಸ್ವದೇಶದಲ್ಲಿ ವಿಚಾರಣೆ. ತನ್ನ ದೇಶದ ಕಾನೂನಿನಿಂದ ರಾಜತಾಂತ್ರಿಕರಿಗೆ ವಿನಾಯಿತಿ ಇಲ್ಲ ಎಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ದೇಶ ಮನಸ್ಸು ಮಾಡಬೇಕು.

ನಾಲ್ಕನೆಯದು, ಕಾಯುವುದು. ಹುದ್ದೆ ಮುಗಿಸಿ ಹೋದ ಮೇಲೆ ಅಧಿಕೃತ ಕೆಲಸಗಳಿಗೆ ಮಾತ್ರ ವಿನಾಯಿತಿ ಉಳಿಯುತ್ತದೆ. ಖಾಸಗಿಯಾಗಿ ಮಾಡಿದ ಅಪರಾಧಕ್ಕೆ ಇಲ್ಲ. ಹಾಗಾಗಿ ದಾಖಲಾದ ದೂರು ವ್ಯರ್ಥವಲ್ಲ. ಅದೇ ವ್ಯಕ್ತಿ ಮುಂದೆ ಸಾಮಾನ್ಯ ಪ್ರವಾಸಿಯಾಗಿ ಬಂದರೆ ಹಳೆಯ ಪ್ರಕರಣ ಅವರನ್ನು ಹಿಡಿಯಬಹುದು.

ಜನರ ಒತ್ತಡವೂ ಕೆಲಸ ಮಾಡುತ್ತದೆ. 2019ರಲ್ಲಿ ಇಂಗ್ಲೆಂಡಿನ ಅಮೆರಿಕನ್ ನೆಲೆಯೊಂದರ ಬಳಿ ಅಮೆರಿಕದ ಸರ್ಕಾರಿ ಉದ್ಯೋಗಿಯೊಬ್ಬರ ಪತ್ನಿ ರಸ್ತೆಯ ತಪ್ಪು ಬದಿಯಲ್ಲಿ ಕಾರು ಓಡಿಸಿ 19 ವರ್ಷದ ಬೈಕ್ ಸವಾರನ ಸಾವಿಗೆ ಕಾರಣರಾದರು, ನಂತರ ವಿನಾಯಿತಿಯ ಹೆಸರಿನಲ್ಲಿ ಅಮೆರಿಕಕ್ಕೆ ಮರಳಿದರು. ಎರಡು ದೇಶಗಳ ಹಳೆಯ ಒಪ್ಪಂದದಲ್ಲಿ ವಿಚಿತ್ರವಾದ ಕಿಂಡಿಯೊಂದಿತ್ತು. ಕೆಲಸದ ಹೊರಗಿನ ಕೃತ್ಯಗಳ ವಿಷಯದಲ್ಲಿ ಅಲ್ಲಿನ ಉದ್ಯೋಗಿಗಳಿಗೇ ಇಲ್ಲದ ವಿನಾಯಿತಿ ಅವರ ಕುಟುಂಬಕ್ಕೆ ಉಳಿದಿತ್ತು! ಯುವಕನ ಹೆತ್ತವರು ಬಿಡದೆ ಹೋರಾಡಿದರು. 2020ರಲ್ಲಿ ಆ ಕಿಂಡಿ ಮುಚ್ಚಿತು. 2022ರಲ್ಲಿ ಆಕೆ ತಪ್ಪೊಪ್ಪಿಕೊಂಡರು, ವೀಡಿಯೊ ಮೂಲಕ ಹಾಜರಾಗಿ ಎಂಟು ತಿಂಗಳ ಅಮಾನತು ಶಿಕ್ಷೆ ಪಡೆದರು. ಶಿಕ್ಷೆ ಕಡಿಮೆ ಎನಿಸಬಹುದು. ಆದರೆ ಅಂಥದೇ ಇನ್ನೊಂದು ಕುಟುಂಬಕ್ಕೆ ಅದೇ ಕಿಂಡಿ ಇನ್ನು ಅಡ್ಡ ಬರುವುದಿಲ್ಲ.

ನಮ್ಮವರು ಆ ಕಡೆ ಇದ್ದಾಗ

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆ ಬಂಧನವಾದಾಗ ದೇಶವೇ ಸಿಟ್ಟಾಯಿತು. ಅವರನ್ನು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದು ಆ ಸಿಟ್ಟಿಗೆ ದೊಡ್ಡ ಕಾರಣ. ದೆಹಲಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿದ್ದ ಬ್ಯಾರಿಕೇಡ್‌ಗಳನ್ನು ತೆಗೆಸಲಾಯಿತು. ಆರೋಪ ಇದ್ದದ್ದು ಮನೆಗೆಲಸದ ಭಾರತೀಯ ಮಹಿಳೆಗೆ ವೀಸಾ ಅರ್ಜಿಯಲ್ಲಿ ತೋರಿಸಿದ್ದಕ್ಕಿಂತ ಬಹಳ ಕಡಿಮೆ ಸಂಬಳ ಕೊಟ್ಟಿದ್ದಾರೆ ಎಂಬುದು.

ಕಾನೂನಿನ ದೃಷ್ಟಿಯಿಂದ ಮುಖ್ಯವಾದದ್ದು ಅವರ ಹುದ್ದೆ. ಬಂಧನದ ದಿನ ಅವರು ಕಾನ್ಸುಲರ್ ಅಧಿಕಾರಿ, ಆದ್ದರಿಂದ ಪೂರ್ತಿ ವಿನಾಯಿತಿ ಇಲ್ಲ ಎಂಬುದು ಅಮೆರಿಕದ ವಾದ. ನಂತರ ಭಾರತ ಅವರನ್ನು ವಿಶ್ವಸಂಸ್ಥೆಯ ಕಾಯಂ ನಿಯೋಗಕ್ಕೆ ವರ್ಗಾಯಿಸಿತು. 2014ರ ಜನವರಿಯಲ್ಲಿ ಪೂರ್ತಿ ವಿನಾಯಿತಿ ಸಿಕ್ಕಿತು, ಅವರು ದೇಶಕ್ಕೆ ಮರಳಿದರು. ಆರೋಪಪಟ್ಟಿ ಬಂದ ದಿನ ವಿನಾಯಿತಿ ಇತ್ತು ಎಂಬ ಕಾರಣಕ್ಕೆ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಎರಡೇ ದಿನಗಳಲ್ಲಿ ಹೊಸ ಆರೋಪಪಟ್ಟಿ ಬಂತು. ಅಷ್ಟು ಹೊತ್ತಿಗೆ ಅವರು ಅಲ್ಲಿರಲಿಲ್ಲ, ವಿನಾಯಿತಿಯೂ ಉಳಿದಿರಲಿಲ್ಲ.

ಗುರುಗ್ರಾಮದ ಪ್ರಕರಣದಲ್ಲಿ "ವಿನಾಯಿತಿ ಯಾಕೆ ಬೇಕು" ಎಂದು ಕೇಳಿದ ನಾವೇ ಈ ಪ್ರಕರಣದಲ್ಲಿ "ವಿನಾಯಿತಿ ಯಾಕೆ ಕೊಡಲಿಲ್ಲ" ಎಂದು ಕೇಳಿದ್ದೆವು. ಈ ನಿಯಮ ಎರಡೂ ಕಡೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಂಬಂಧ ಕೆಟ್ಟಿರುವ ದೇಶಗಳಲ್ಲೂ ನಮ್ಮ ಅಧಿಕಾರಿಗಳು, ಅವರ ಮಕ್ಕಳು ವಾಸಿಸುತ್ತಾರೆ. ಸುಳ್ಳು ಕೇಸು ಹಾಕಿ ಅವರನ್ನು ಒತ್ತೆಯಾಳಾಗಿಸದಂತೆ ತಡೆಯುವ ಗೋಡೆಯೂ ಇದೇ. ಆದರೆ ಎರಡೂ ಪ್ರಕರಣಗಳಲ್ಲಿ ನಡುವೆ ಸಿಕ್ಕಿಕೊಂಡವರು ಮನೆಗೆಲಸದ ಮಹಿಳೆಯರು ಎಂಬುದನ್ನೂ ಮರೆಯುವಂತಿಲ್ಲ.

ಕಾನೂನು ನಿಧಾನವಾಗಿ ಅವರ ಕಡೆಗೂ ನೋಡುತ್ತಿದೆ. 2022ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 3-2ರ ಬಹುಮತದಿಂದ ಮಹತ್ವದ ತೀರ್ಪು ಕೊಟ್ಟಿತು. ಫಿಲಿಪ್ಪೀನ್ಸ್‌ನ ಮಹಿಳೆಯೊಬ್ಬರು ತಮ್ಮನ್ನು ಲಂಡನ್‌ನ ರಾಜತಾಂತ್ರಿಕರ ಮನೆಯಲ್ಲಿ ಕೂಡಿಹಾಕಿ, ಸರಿಯಾಗಿ ಸಂಬಳ ಕೊಡದೆ ದುಡಿಸಿಕೊಳ್ಳಲಾಯಿತು ಎಂದು ದಾವೆ ಹೂಡಿದ್ದರು. ಹೀಗೆ ಗುಲಾಮರಂತೆ ದುಡಿಸಿಕೊಂಡು ಲಾಭ ಪಡೆದಿದ್ದರೆ ಅದು 'ವ್ಯಾಪಾರ' ಎಂಬ ಅಪವಾದದೊಳಗೆ ಬರುತ್ತದೆ, ಅದಕ್ಕೆ ಸಿವಿಲ್ ವಿನಾಯಿತಿ ಇಲ್ಲ ಎಂದು ಕೋರ್ಟ್ ಹೇಳಿತು. ಆ ತೀರ್ಪು ಭಾರತದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅದು ನಿಂತಿರುವುದು ನಾವೂ ಒಪ್ಪಿರುವ ಅದೇ ಒಪ್ಪಂದದ ಮೇಲೆ.

ದಂಡ ಕಟ್ಟದವರು ದಾರಿಗೆ ಬಂದದ್ದು ಹೇಗೆ?

ವಿಶ್ವಸಂಸ್ಥೆ ಇರುವ ನ್ಯೂಯಾರ್ಕ್‌ನಲ್ಲಿ ರಾಜತಾಂತ್ರಿಕರು ಎಲ್ಲೆಂದರಲ್ಲಿ ಕಾರು ನಿಲ್ಲಿಸುವುದು ದೊಡ್ಡ ತಲೆನೋವಾಗಿತ್ತು. ಅರ್ಥಶಾಸ್ತ್ರಜ್ಞರಾದ ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಲೆಕ್ಕ ಹಾಕಿದಂತೆ 1997ರಿಂದ 2002ರವರೆಗಿನ ಐದು ವರ್ಷಗಳಲ್ಲಿ ಬಾಕಿ ಉಳಿದ ಪಾರ್ಕಿಂಗ್ ಚಲನ್‌ಗಳು 1,50,000ಕ್ಕೂ ಹೆಚ್ಚು. ದಂಡದ ಮೊತ್ತ 1.8 ಕೋಟಿ ಡಾಲರ್ ದಾಟಿತ್ತು. 2002ರ ಕೊನೆಯಲ್ಲಿ ದಂಡ ಕಟ್ಟದ ಕಾರುಗಳ ರಾಜತಾಂತ್ರಿಕ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಉಲ್ಲಂಘನೆಗಳು ಸುಮಾರು ಶೇ 98ರಷ್ಟು ಇಳಿದವು! ವಿನಾಯಿತಿಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ಸವಲತ್ತು ಹಿಂತೆಗೆದುಕೊಳ್ಳುವ ಎಚ್ಚರಿಕೆಯೇ ಸಾಕಾಯಿತು.

ನಿಮಗೆ ತೊಂದರೆಯಾದರೆ ಏನು ಮಾಡಬೇಕು?

• ದೂರು ಕೊಡಿ. ದೂರು ಕೊಡಲು ಯಾವ ವಿನಾಯಿತಿಯೂ ಅಡ್ಡಿಯಲ್ಲ. ಸ್ವೀಕೃತಿ ಪತ್ರ ತಪ್ಪದೆ ಪಡೆಯಿರಿ.

• ಅಪಘಾತವಾದರೆ ಪ್ಲೇಟಿನ ಫೋಟೊ, ಸಮಯ, ಸ್ಥಳ, ಆಸ್ಪತ್ರೆಯ ದಾಖಲೆ ಇಟ್ಟುಕೊಳ್ಳಿ. 'ಸಿಡಿ'ಯೋ 'ಸಿಸಿ'ಯೋ ಗಮನಿಸಿ. ವಾಹನದ ವಿಮೆಯ ವಿವರ ಕೇಳಿ.

• "ಇವರಿಗೆ ವಿನಾಯಿತಿ ಇದೆ" ಎಂದು ಅವರೇ ಹೇಳಿದರೆ ಸಾಲದು. ಪ್ರಶ್ನೆ ಬಂದಾಗ ವಿದೇಶಾಂಗ ಸಚಿವಾಲಯ ಕೊಡುವ ಪ್ರಮಾಣಪತ್ರವೇ ಅಂತಿಮ ಎಂದು 1972ರ ಕಾಯ್ದೆ ಹೇಳುತ್ತದೆ. ಸಚಿವಾಲಯವನ್ನು ಕೇಳುವಂತೆ ಪೊಲೀಸರನ್ನು ಒತ್ತಾಯಿಸಿ.

• ರಾಯಭಾರಿಯ ಮೇಲೆ ಸಿವಿಲ್ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ವಕೀಲರ ನೆರವು ಪಡೆಯಿರಿ.

• ನಿಮ್ಮವರು ಯಾರಾದರೂ ವಿದೇಶದಲ್ಲಿ ರಾಜತಾಂತ್ರಿಕರ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರೆ ಕರಾರು ಪತ್ರದ ಒಂದು ಪ್ರತಿ ಮನೆಯಲ್ಲಿ ಇರಲಿ. ಪಾಸ್‌ಪೋರ್ಟನ್ನು ಯಜಮಾನರ ಕೈಗೆ ಒಪ್ಪಿಸಬಾರದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರ್ ಜೊತೆಗಿರಲಿ.

ಫಾರ್ವರ್ಡ್ ಮಾಡುವ ಮುನ್ನ

"ಅವರನ್ನು ಯಾರೂ ಏನೂ ಮಾಡಲಾಗದು" ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಇದು ರಾಯಭಾರ ಕಚೇರಿಯ ಮಾತೋ, ಕಾನ್ಸುಲೇಟಿನದೋ? ಆ ವ್ಯಕ್ತಿ ಯಾವ ಹುದ್ದೆಯವರು, ಯಾವ ದೇಶದ ಪ್ರಜೆ? ಅವರ ದೇಶ ವಿನಾಯಿತಿ ಬಿಟ್ಟುಕೊಟ್ಟಿದೆಯೇ? ಉತ್ತರ ಸಿಗುವ ತನಕ ಅದನ್ನು ಮುಂದೆ ಕಳುಹಿಸಬೇಡಿ. ತೊಂದರೆಗೆ ಸಿಕ್ಕವರಿಗೆ ಕಳುಹಿಸುವುದಾದರೆ "ದೂರು ಕೊಡಬಹುದು, ಕೊಡಿ" ಎಂಬ ಮಾತನ್ನು ಕಳುಹಿಸಿ.